ವರ್ಗ ಮಾಡಿಸಿಕೊಳ್ಳುವ ಆಟಗಾರರು

ಯುಗಾದಿಯ ಮರುದಿನ ಸಂಜೆ ನಮ್ಮ ಸಂಘದ ವಾಚನಾಲಯದಲ್ಲಿ ಹಿರಿಯರಿಬ್ಬರು ತಮ್ಮ ನೌಕರಿಯ ಕಾಲದ ವರ್ಗಾವಣೆಗಳನ್ನು ಎಣಿಸುತ್ತ ಕುಳಿತಿದ್ದರು. ಒಬ್ಬರು ಬ್ಯಾಂಕಿನಲ್ಲಿದ್ದವರು, ಮೂವತ್ತೈದು ವರ್ಷಗಳಲ್ಲಿ ಒಂಬತ್ತು ಊರು ಕಂಡವರು. ಇನ್ನೊಬ್ಬರು ರೈಲ್ವೆಯವರು, ಮಗಳ ಮೆಟ್ರಿಕ್ ಪರೀಕ್ಷೆಗೆ ಎರಡೇ ತಿಂಗಳಿರುವಾಗ ಕೈಗೆ ಬಂದ ಆಜ್ಞೆಯ ಕಾಗದವನ್ನು ಅವರು ಇನ್ನೂ ಮರೆತಿಲ್ಲ. “ನಮ್ಮ ಪರವಾಗಿ ಕೇಳುವವರು ಯಾರಿದ್ದರು? ಟ್ರಂಕು ಕಟ್ಟಿದೆವು, ಹೊರಟೆವು” ಎಂದು ನಕ್ಕರು.

ಅಷ್ಟರಲ್ಲಿ ತರುಣನೊಬ್ಬನು ಒಳಗೆ ಬಂದನು. ನಮ್ಮ ಸದಸ್ಯರೊಬ್ಬರ ಮೊಮ್ಮಗ. ಕೆನಡಾ ದೇಶದ ಕ್ಯಾಲ್ಗರಿಯಲ್ಲಿ ಇಂಜಿನಿಯರು. ರಜೆಯ ಮೇಲೆ ಬಂದವನು. ತೊಟ್ಟಿದ್ದ ಕೆಂಪಂಗಿಯ ಬೆನ್ನ ಮೇಲೆ 19 ಎಂಬ ಅಂಕಿಯೂ ಟ್ಕಾಚಕ್ ಎಂಬ ಹೆಸರೂ ಇದ್ದವು. ಐಸ್ ಹಾಕಿಯ ಆಟಗಾರನ ಹೆಸರಂತೆ. ಆದರೆ ಆ ಆಟಗಾರ ಈಗ ಕ್ಯಾಲ್ಗರಿಯಲ್ಲಿಲ್ಲ. 2022ರ ಜುಲೈಯಲ್ಲಿಯೇ ಅಮೆರಿಕದ ಫ್ಲಾರಿಡಾಕ್ಕೆ ಹೊರಟುಹೋದನಂತೆ.

“ಯಾರಪ್ಪ ಅವನನ್ನು ವರ್ಗ ಮಾಡಿದವರು?” ಎಂದು ರೈಲ್ವೆಯವರು ಕೇಳಿದರು.

“ಯಾರೂ ಮಾಡಲಿಲ್ಲ ಅಜ್ಜ. ಅವನೇ ಮಾಡಿಸಿಕೊಂಡ. ಅವನ ಏಜೆಂಟ ಮಾಡಿಸಿಕೊಟ್ಟ.”

ಹಿರಿಯರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನೌಕರನೇ ತನ್ನ ವರ್ಗ ಮಾಡಿಸಿಕೊಳ್ಳುವುದೆಂದರೇನು? ಅದಕ್ಕೆಂದೇ ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುವುದೆಂದರೇನು? ಆ ಸಂಜೆಯ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಆಟ ಮತ್ತು ಅದರ ವ್ಯಾಪಾರ

ಮೊದಲು ಆಟದ ಮಾತು. ಇದು ಧ್ಯಾನಚಂದರ ಹಾಕಿಯಲ್ಲ. ಮಂಜುಗಡ್ಡೆಯ ನೆಲ, ಕಾಲಿಗೆ ಉಕ್ಕಿನ ಅಲಗಿನ ಬೂಟು, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ, ಒಂದೊಂದು ಕಡೆಗೆ ಆರಾರು ಜನ. ಈ ಆಟವನ್ನು ವೃತ್ತಿಯಾಗಿ ನಡೆಸುವ ಸಂಸ್ಥೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನ್ಯಾಷನಲ್ ಹಾಕಿ ಲೀಗ್. 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಈ ಲೀಗಿನಲ್ಲಿ ಈಗ 32 ತಂಡಗಳಿವೆ. 7 ಕೆನಡಾದಲ್ಲಿ, 25 ಅಮೆರಿಕದಲ್ಲಿ. ವರ್ಷದ ಕೊನೆಗೆ ಗೆದ್ದ ತಂಡಕ್ಕೆ ದೊರೆಯುವುದು ಸ್ಟ್ಯಾನ್ಲಿ ಕಪ್.

ಇಲ್ಲಿ ತಂಡಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ಇದಕ್ಕೆ ಟ್ರೇಡ್ ಎಂದು ಹೆಸರು; ನಾವು ವಿನಿಮಯ ಎನ್ನೋಣ. ಆಟಗಾರನಿಗೆ ಬದಲಾಗಿ ಆಟಗಾರನನ್ನು ಕೊಡಬಹುದು. ಇಲ್ಲವೆ ಮುಂಬರುವ ಬೇಸಗೆಯಲ್ಲಿ ಹದಿನೆಂಟು ತುಂಬಿದ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನೇ ಕೊಡಬಹುದು. ಕೈ ಬದಲಾಗುವುದು ನಿಜವಾಗಿ ಮನುಷ್ಯನಲ್ಲ, ಅವನ ಕರಾರು ಪತ್ರ. ಕರಾರು ಹೋದಲ್ಲಿಗೆ ಮನುಷ್ಯನೂ ಹೋಗಬೇಕು. ಹೆಂಡತಿಯ ಕೆಲಸ, ಮಕ್ಕಳ ಶಾಲೆ, ಮೊನ್ನೆ ತಾನೆ ಕೊಂಡ ಮನೆ, ಇವು ಯಾವುವೂ ಆ ಪತ್ರದಲ್ಲಿ ಬರೆದಿರುವುದಿಲ್ಲ. ‘ನನ್ನನ್ನು ಕೇಳದೆ ಕಳುಹಿಸಕೂಡದು’ ಎಂಬ ಷರತ್ತು ಕರಾರಿನಲ್ಲಿ ಇದ್ದರೆ ಮಾತ್ರ ಆಟಗಾರನ ಒಪ್ಪಿಗೆ ಬೇಕು, ಇಲ್ಲದಿದ್ದರೆ ಬೇಡ.

ಆ ಷರತ್ತನ್ನು ಬರೆಯಿಸುವವನು, ಅದನ್ನು ಕಾಯುವವನು, ಅದು ಇಲ್ಲದ ಕಡೆಯೂ ಬೇರೆ ಉಪಾಯದಿಂದ ತನ್ನವನನ್ನು ಬೇಕಾದ ಊರಿಗೆ ತಲಪಿಸುವವನು ಏಜೆಂಟ. ಅವನ ಕೂಲಿ ಆಟಗಾರನ ಸಂಬಳದಲ್ಲಿ ನೂರಕ್ಕೆ ಮೂರರಿಂದ ಐದರವರೆಗೆ ಇರುವುದು ವಾಡಿಕೆ. ಈ ಕೂಲಿಗೆ ಆಟಗಾರನಿಗೆ ದೊರೆಯುವುದೇನು ಎಂಬುದನ್ನು ತಿಳಿಯಬೇಕಾದರೆ ಏಜೆಂಟರಿಲ್ಲದ ಕಾಲವನ್ನು ಮೊದಲು ನೋಡಬೇಕು.

ಕೇಳುವವರಿಲ್ಲದ ಕಾಲ

1942ರಿಂದ 1967ರವರೆಗೆ ಲೀಗಿನಲ್ಲಿ ಇದ್ದುದು ಆರೇ ತಂಡಗಳು. ಆಟಗಾರನು ಒಮ್ಮೆ ಸಹಿ ಹಾಕಿದನೆಂದರೆ, ತಂಡ ತಾನಾಗಿ ಬಿಡುವವರೆಗೆ ಅದೇ ತಂಡದ ಸ್ವತ್ತು. ವರ್ಷಕ್ಕೊಮ್ಮೆ ಮೇನೇಜರರ ಕೋಣೆಗೆ ಒಬ್ಬನೇ ಹೋಗಿ, ಅವರು ಹೇಳಿದ ಅಂಕಿಗೆ ತಲೆಯಲ್ಲಾಡಿಸಿ ಬರಬೇಕು. ಜೊತೆಗೆ ವಕೀಲನನ್ನು ಕರೆದೊಯ್ಯುವ ಮಾತೇ ಇರಲಿಲ್ಲ.

ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಎಂಬುವರು ಈ ಏರ್ಪಾಟನ್ನು ಪ್ರಶ್ನಿಸಿದರು. ಆಟಗಾರರು ತಮ್ಮ ಸಂಬಳದಿಂದ ಪಿಂಚಣಿಯ ನಿಧಿಗೆ ಹಣ ಕಟ್ಟುತ್ತಿದ್ದರು. ಆ ನಿಧಿಯ ಲೆಕ್ಕ ತೋರಿಸಿರೆಂದು ಕೇಳಿದರೆ ಮಾಲೀಕರು ತೋರಿಸುತ್ತಿರಲಿಲ್ಲ. ಲಿಂಡ್ಸೆಯವರು ಮಾಂಟ್ರಿಯಲ್ಲಿನ ಡಗ್ ಹಾರ್ವೆ ಮೊದಲಾದವರೊಡನೆ ಸೇರಿ 1957ರ ಫೆಬ್ರುವರಿಯಲ್ಲಿ ಆಟಗಾರರ ಸಂಘವೊಂದನ್ನು ಪ್ರಕಟಿಸಿದರು. ಆ ಸಾಲಿನಲ್ಲಿ ಅವರ ಆಟ ಬಹು ಚೆನ್ನಾಗಿತ್ತು: 30 ಗೋಲು, 55 ಗೋಲುಗಳಿಗೆ ನೆರವು. ಆದರೂ ಜುಲೈ ತಿಂಗಳಲ್ಲಿ ಮೇನೇಜರ್ ಜ್ಯಾಕ್ ಆಡಮ್ಸ್ ಅವರು ಲಿಂಡ್ಸೆಯವರನ್ನು, ಆಗ ತೀರ ಹಿಂದುಳಿದಿದ್ದ ಶಿಕಾಗೊ ತಂಡಕ್ಕೆ ಕಳುಹಿಸಿಬಿಟ್ಟರು. ಹದಿಮೂರು ವರ್ಷ ಆಡಿದ ಊರು, ಕೇಳಿದವರಿಲ್ಲ, ಹೇಳಿದವರಿಲ್ಲ. ಮರು ವರ್ಷ ಸಂಘವೂ ಮುರಿದುಬಿದ್ದಿತು.

ವಿನಿಮಯವೆಂಬುದು ಆ ಕಾಲದಲ್ಲಿ ತಂಡವನ್ನು ಬಲಪಡಿಸುವ ಉಪಾಯ ಮಾತ್ರವಲ್ಲ, ತಲೆಯೆತ್ತಿದವನನ್ನು ದಂಡಿಸುವ ಕೋಲೂ ಆಗಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ. ಲಿಂಡ್ಸೆಯವರು ತೊಂಬತ್ತಮೂರು ವರ್ಷ ಬಾಳಿ 2019ರಲ್ಲಿ ತೀರಿಕೊಂಡರು. ಆಟಗಾರರೇ ಮತ ಹಾಕಿ ಅತ್ಯುತ್ತಮನೆಂದು ಆರಿಸುವವನಿಗೆ ಕೊಡುವ ಬಹುಮಾನಕ್ಕೆ 2010ರಿಂದ ಅವರ ಹೆಸರಿದೆ.

ಲಿಂಡ್ಸೆಯವರ ಜೊತೆಗಾರ ಗಾರ್ಡಿ ಹೌ ಎಂಬುವರ ಕಥೆ ಇನ್ನೊಂದು ಬಗೆಯದು. ತಮ್ಮ ಕಾಲದ ಅತ್ಯಂತ ದೊಡ್ಡ ಆಟಗಾರ, ಸ್ವಭಾವದಿಂದ ಸಂಕೋಚದವರು. 1968ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಹೊಸದಾಗಿ ಬಂದ ಬಾಬ್ ಬಾನ್ ಎಂಬ ಆಟಗಾರರು ತಮ್ಮ ಸಂಬಳವನ್ನು ಹೌ ಅವರಿಗೆ ಹೇಳಿಬಿಟ್ಟರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತಂಡವನ್ನು ಹೊತ್ತ ತಮಗಿಂತ ಮೊನ್ನೆ ಬಂದವರಿಗೆ ಹೆಚ್ಚು ಎಂಬುದು ಹೌ ಅವರಿಗೆ ತಿಳಿದುದು ಹಾಗೆ. ಹೋಗಿ ಒಂದು ಲಕ್ಷ ಡಾಲರು ಕೇಳಿದರು, ಮರುಮಾತಿಲ್ಲದೆ ಕೊಟ್ಟರು. ಮರುಮಾತಿಲ್ಲದೆ ಕೊಟ್ಟರೆಂಬುದೇ ಹೆಚ್ಚು ನೋವಿನ ಮಾತು. ಎಷ್ಟು ವರ್ಷ ಮೊದಲೇ ಕೇಳಬಹುದಾಗಿತ್ತೋ!

ಅವರ ಪತ್ನಿ ಕಾಲೀನ್ ಹೌ ಇದನ್ನು ಮರೆಯಲಿಲ್ಲ. ಮನೆಯ ಲೆಕ್ಕ ನೋಡುತ್ತಿದ್ದ ಆಕೆ ಪತಿಯ ಕರಾರುಗಳ ಲೆಕ್ಕವನ್ನೂ ಕೈಗೆತ್ತಿಕೊಂಡರು. 1973ರಲ್ಲಿ ಪ್ರತಿಸ್ಪರ್ಧಿ ಲೀಗೊಂದರ ಹ್ಯೂಸ್ಟನ್ ತಂಡವು, ಹೌ ಅವರ ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿಯರನ್ನು ಬಯಸಿದಾಗ, ತಂದೆಯೂ ಮಕ್ಕಳೂ ಒಂದೇ ತಂಡದಲ್ಲಿ ಆಡುವ ಏರ್ಪಾಟು ಆಯಿತು. ಆಗ ತಂದೆಗೆ ನಲವತ್ತೈದು ವರ್ಷ. ಆಟಗಾರರ ಪರವಾಗಿ ವ್ಯವಹಾರ ಮಾಡಿದ ಮೊದಲ ಹೆಂಗಸರಲ್ಲಿ ಕಾಲೀನ್ ಅವರ ಹೆಸರು ಸೇರಿದೆ. ಗಂಡನ ಸಂಬಳದ ಚೀಟಿಯನ್ನು ಗಂಡನಿಗಿಂತ ಹೆಚ್ಚು ಎಚ್ಚರದಿಂದ ಓದುವ ಗೃಹಿಣಿಯರು ನಮ್ಮ ಓದುಗರಲ್ಲಿಯೂ ಉಂಟು. ಅವರಿಗೆ ಇದು ಆಶ್ಚರ್ಯವೆನಿಸಲಾರದು.

ಬೇಲಿಯೇ ಹೊಲ ಮೇಯ್ದುದು

ಏಜೆಂಟನೆಂಬುವನು ಈ ಆಟದಲ್ಲಿ ನೆಲೆಯೂರಿದುದು 1966ರಿಂದ. ಟೊರಾಂಟೊದ ವಕೀಲರಾದ ಅಲನ್ ಈಗಲ್‌ಸನ್ ಎಂಬುವರು, ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನ ಬಾಬಿ ಆರ್ ಎಂಬ ಹದಿನೆಂಟರ ಹುಡುಗನ ಪರವಾಗಿ ಬಾಸ್ಟನ್ ತಂಡದೊಡನೆ ಕರಾರು ಮಾಡಿಸಿದರು. ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆ ತಂಡಕ್ಕೆ ಕಟ್ಟುಬಿದ್ದವನು. ಆದರೆ ದರದ ಮಾತಿಗೆ ಈಗ ವಕೀಲರು ಬಂದಿದ್ದರು. ಮರು ವರ್ಷವೇ, 1967ರಲ್ಲಿ, ಲಿಂಡ್ಸೆಯವರು ಕಟ್ಟಲಾರದೆ ಹೋದ ಆಟಗಾರರ ಸಂಘ ಮತ್ತೆ ಹುಟ್ಟಿತು. ಅದರ ಮುಖ್ಯಾಧಿಕಾರಿ ಈಗಲ್‌ಸನ್ನರೇ.

ಆಟಗಾರರಿಗೆ ಸಂತೋಷವೋ ಸಂತೋಷ. ಕೇಳುವವರಿಲ್ಲದಿದ್ದವರಿಗೆ ಕೇಳುವವರೊಬ್ಬರು ಬಂದರು. ಆದರೆ ಈಗಲ್‌ಸನ್ನರು ಒಂದೇ ಕಾಲಕ್ಕೆ ಸಂಘದ ಅಧಿಕಾರಿ, ಅನೇಕ ಆಟಗಾರರ ಖಾಸಗಿ ಏಜೆಂಟ, ಅಂತರರಾಷ್ಟ್ರೀಯ ಪಂದ್ಯಗಳ ವ್ಯವಸ್ಥಾಪಕ, ಮೇಲಾಗಿ ಕೆಲವು ಮಾಲೀಕರ ಆಪ್ತ ಮಿತ್ರ. ಇಷ್ಟು ಟೋಪಿಗಳನ್ನು ಒಂದೇ ತಲೆಯ ಮೇಲಿಟ್ಟರೆ ಯಾವ ಟೋಪಿ ಯಾವಾಗ ಮಾತನಾಡುತ್ತಿದೆಯೆಂದು ಎದುರಿಗಿದ್ದವರಿಗೆ ತಿಳಿಯುವುದು ಹೇಗೆ?

1976ರಲ್ಲಿ ಬಾಬಿ ಆರ್ ಅವರ ಬಾಸ್ಟನ್ ಕರಾರು ಮುಗಿಯಿತು. ಮೊಳಕಾಲು ಕೆಟ್ಟಿದ್ದರೂ ಜಗತ್ತಿನಲ್ಲಿಯೇ ಅವರಿಗೆ ಸಮನಾದ ಆಟಗಾರರಿರಲಿಲ್ಲ. ಬಾಸ್ಟನ್ ತಂಡದವರು ಮುಂದಿಟ್ಟ ಸೂಚನೆಗಳಲ್ಲಿ ತಂಡದ ಒಡೆತನದಲ್ಲಿ ನೂರಕ್ಕೆ ಹದಿನೆಂಟೂವರೆ ಪಾಲು ಕೊಡುವ ಮಾತೂ ಇತ್ತು. ಆರ್ ಅವರು ಹೋಗಿ ಸೇರಿದುದು ಶಿಕಾಗೊ ತಂಡವನ್ನು. ಆ ತಂಡದ ಅಧ್ಯಕ್ಷ ಬಿಲ್ ವರ್ಟ್ಸ್ ಈಗಲ್‌ಸನ್ನರ ಸ್ನೇಹಿತರು. ಒಡೆತನದ ಪಾಲಿನ ಸಂಗತಿಯನ್ನು ತನಗೆ ತಿಳಿಸಿಯೇ ಇರಲಿಲ್ಲವೆಂದು ಆರ್ ಮುಂದೆ ಹೇಳಿದರು. ಶಿಕಾಗೊದಲ್ಲಿ ಅವರ ಕಾಲು ನಡೆದುದು 26 ಪಂದ್ಯ ಮಾತ್ರ. 1978ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ಆಟ ಬಿಟ್ಟರು. ಲೆಕ್ಕ ತೆಗೆಸಿ ನೋಡಿದಾಗ ಕೈಯಲ್ಲಿ ಏನೂ ಉಳಿದಿರಲಿಲ್ಲವೆನ್ನಬಹುದು. ತಮ್ಮನ ಹಾಗೆ ನಡೆಸಿಕೊಳ್ಳುತ್ತಾರೆಂದು ನಂಬಿದ್ದ ಏಜೆಂಟರ ನಂಟನ್ನು 1980ರಲ್ಲಿ ಕಡಿದುಕೊಂಡರು.

ಅಂದಿನಿಂದ ಹದಿನೆಂಟು ವರ್ಷ ಬೇಕಾಯಿತು. ಕಾರ್ಲ್ ಬ್ರೂವರ್ ಎಂಬ ಹಳೆಯ ಆಟಗಾರರು ಪಟ್ಟು ಬಿಡದೆ ಹಿಂದೆ ಬಿದ್ದರು. ರಸ್ ಕಾನ್ವೆ ಎಂಬ, ಸಣ್ಣ ಪತ್ರಿಕೆಯೊಂದರ ವರದಿಗಾರರು ಕಾಗದಪತ್ರಗಳನ್ನು ಶೋಧಿಸಿ ಬರೆದರು. 1998ರ ಜನವರಿಯಲ್ಲಿ ಈಗಲ್‌ಸನ್ನರು ಬಾಸ್ಟನ್ನಿನಲ್ಲಿಯೂ ಟೊರಾಂಟೊದಲ್ಲಿಯೂ ನ್ಯಾಯಾಲಯದ ಮುಂದೆ ವಂಚನೆಯ ತಪ್ಪೊಪ್ಪಿಕೊಂಡರು. ಹದಿನೆಂಟು ತಿಂಗಳ ಸೆರೆಯ ಶಿಕ್ಷೆಯಾಗಿ, ಆರು ತಿಂಗಳು ಒಳಗಿದ್ದು ಬಂದರು. ಬಾಬಿ ಆರ್ ಅವರು ಮುಂದೆ ತಾವೇ ಎಳೆಯ ಆಟಗಾರರ ಏಜೆಂಟರಾದರು. ಬೆಂದವನಿಗೇ ಬೆಂಕಿಯ ಅರಿವು.

ನಮ್ಮವನೊಬ್ಬನು ನಮ್ಮ ಪರವಾಗಿ ಮಾತನಾಡುತ್ತಾನೆಂಬುದು ಸಾಲದು. ಎದುರಿನವರೊಡನೆ ಅವನ ಊಟ-ಉಪಚಾರ ಎಷ್ಟರಮಟ್ಟಿಗಿದೆಯೆಂಬುದನ್ನೂ ನೋಡಬೇಕು. ಈಗ ಲೀಗಿನಲ್ಲಿ ವ್ಯವಹರಿಸುವ ಪ್ರತಿಯೊಬ್ಬ ಏಜೆಂಟನೂ ಆಟಗಾರರ ಸಂಘದಿಂದ ಪ್ರಮಾಣಪತ್ರ ಪಡೆದಿರಬೇಕು.

ಸಹಿ ಹಾಕದವನ ಬಲ

1991ರಲ್ಲಿ ಎರಿಕ್ ಲಿಂಡ್ರೋಸ್ ಎಂಬ ಹದಿನೆಂಟರ ತರುಣನನ್ನು ಕ್ವಿಬೆಕ್ ತಂಡವು ಹೊಸಬರಲ್ಲೆಲ್ಲ ಮೊದಲನೆಯವನಾಗಿ ಆರಿಸಿಕೊಂಡಿತು. ಆರಿಸಿಕೊಂಡವರಲ್ಲಿಗೆ ಹೋಗುವುದೇ ರೂಢಿ. ಈ ತರುಣ, ಅವನ ತಂದೆತಾಯಿ, ಏಜೆಂಟರಾದ ರಿಕ್ ಕರನ್ ಎಲ್ಲರೂ ಸೇರಿ ‘ಹೋಗುವುದಿಲ್ಲ’ ಎಂದುಬಿಟ್ಟರು. ಕ್ವಿಬೆಕ್ಕಿನವರು ಹಣ ಏರಿಸಿದರು, ಬೈದರು, ಕಾದರು. ಒಂದು ವರ್ಷ ಕಳೆಯಿತು. ಎರಡು ವರ್ಷದೊಳಗೆ ಸಹಿಯಾಗದಿದ್ದರೆ ಆಯ್ಕೆಯ ಹಕ್ಕೇ ಕಳೆದುಹೋಗುವುದರಿಂದ, 1992ರ ಜೂನಿನಲ್ಲಿ ಬೇರೆಯವರಿಗೆ ಕೊಡಲು ಒಪ್ಪಿದರು.

ಒಪ್ಪಿದುದೇನೋ ಸರಿ, ಒಂದೇ ಹುಡುಗನನ್ನು ಇಬ್ಬರಿಗೆ ಕೊಟ್ಟರು! ಫಿಲಡೆಲ್ಫಿಯಾದವರಿಗೆ ಮೊದಲು ಮಾತು ಕೊಟ್ಟು, ಆಮೇಲೆ ನ್ಯೂಯಾರ್ಕಿನವರಿಗೂ ಕೊಟ್ಟರು. ಲೀಗಿನವರು ಲ್ಯಾರಿ ಬರ್ಟೂಜಿ ಎಂಬ ವಕೀಲರನ್ನು ಪಂಚರನ್ನಾಗಿ ನೇಮಿಸಿದರು. ಮಾತುಕತೆ ಮುಗಿದಮೇಲೆ ತರುಣನೊಡನೆ ಮಾತನಾಡಿರೆಂದು ಕ್ವಿಬೆಕ್ಕಿನವರೇ ಫಿಲಡೆಲ್ಫಿಯಾದವರಿಗೆ ಟೆಲಿಫೋನು ನಂಬರು ಕೊಟ್ಟಿದ್ದುದು ಅಲ್ಲಿ ದೊಡ್ಡ ಸಾಕ್ಷಿಯಾಯಿತು. ಜೂನ್ 30ರಂದು ತೀರ್ಪು ಫಿಲಡೆಲ್ಫಿಯಾದ ಕಡೆಗಾಯಿತು. ಬದಲಿಗೆ ಕ್ವಿಬೆಕ್ಕಿಗೆ ಬಂದುದು ಪೀಟರ್ ಫೋರ್ಸ್‌ಬರ್ಗ್ ಮೊದಲಾದ ಹಲವು ಆಟಗಾರರು, ಮುಂದಿನ ಆಯ್ಕೆಯ ಸರದಿಗಳು, ಒಂದೂವರೆ ಕೋಟಿ ಡಾಲರು.

ಬಂದವರ ಬಲದಿಂದ ಆ ತಂಡ ಎದ್ದು ನಿಂತಿತು. ಆದರೆ ಊರಿಗೆ ಅದರ ಫಲವಿರಲಿಲ್ಲ. 1995ರಲ್ಲಿ ತಂಡವೇ ಕ್ವಿಬೆಕ್ ಬಿಟ್ಟು ಕೊಲರಾಡೊ ಸೇರಿತು. ಅಲ್ಲಿ ಅದರ ಮೇನೇಜರಾಗಿದ್ದವರು ಪಿಯೆರ್ ಲಕ್ರ್ವಾ. ಅದಕ್ಕೆ ಮುಂಚೆ ಅವರು ಏಜೆಂಟರು. ಆ ವರ್ಷ ಡಿಸೆಂಬರ್ 2ರಂದು ಮಾಂಟ್ರಿಯಲ್ಲಿನ ಹೆಸರಾಂತ ಗೋಲುರಕ್ಷಕ ಪ್ಯಾಟ್ರಿಕ್ ರ್ವಾ, ತವರಿನ ಪ್ರೇಕ್ಷಕರ ಮುಂದೆ ಒಂಬತ್ತು ಗೋಲು ಬಿಟ್ಟುಕೊಟ್ಟರು. ಅಷ್ಟಾಗುವವರೆಗೆ ತರಬೇತುಗಾರರು ಅವರನ್ನು ಹೊರಗೆ ಕರೆಯಲಿಲ್ಲ. ಅವಮಾನಗೊಂಡ ರ್ವಾ ಬದಿಯಲ್ಲಿ ಕುಳಿತಿದ್ದ ತಂಡದ ಅಧ್ಯಕ್ಷರ ಬಳಿಗೆ ನೇರವಾಗಿ ಹೋಗಿ, ಇದೇ ಇಲ್ಲಿ ತನ್ನ ಕೊನೆಯ ಆಟವೆಂದು ಹೇಳಿದರು. ನಾಲ್ಕು ದಿನದಲ್ಲಿ ಅವರು ಕೊಲರಾಡೊದಲ್ಲಿದ್ದರು. ಅವರನ್ನು ಕರೆದುಕೊಂಡ ಲಕ್ರ್ವಾ ಹಿಂದೆ ಅವರದೇ ಏಜೆಂಟರಾಗಿದ್ದವರು. 1996ರಲ್ಲಿ ಕಪ್ ಕೊಲರಾಡೊಗೆ ಬಂದಿತು.

ಏಜೆಂಟರು ಮೇನೇಜರಾಗುವುದು ಈಗ ಅಪರೂಪವಲ್ಲ. 2022ರಲ್ಲಿ ಮಾಂಟ್ರಿಯಲ್ ತಂಡ ಕೆಂಟ್ ಹ್ಯೂಸ್ ಎಂಬ ಏಜೆಂಟರನ್ನೇ ಮೇನೇಜರನ್ನಾಗಿ ಮಾಡಿಕೊಂಡಿತು. ಮರು ವರ್ಷ ಎಡ್ಮಂಟನ್ ತಂಡ, ತನ್ನ ಹಿರಿಯ ಆಟಗಾರ ಕಾನರ್ ಮೆಕ್‌ಡೇವಿಡ್ಡರ ಏಜೆಂಟರಾಗಿದ್ದ ಜೆಫ್ ಜ್ಯಾಕ್ಸನ್ನರನ್ನು ತನ್ನ ಹಾಕಿ ವ್ಯವಹಾರಗಳ ಮುಖ್ಯಸ್ಥರನ್ನಾಗಿ ಕರೆದುಕೊಂಡಿತು. ಕಳ್ಳರ ದಾರಿ ಬಲ್ಲವನೇ ಕಾವಲುಗಾರನಾಗಲಿ ಎಂಬ ಲೆಕ್ಕವಿರಬೇಕು!

ಈಗಿನ ಕೈಚಳಕ

2004-05ರ ಸಾಲಿನಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದವಾಗದೆ ಇಡೀ ವರ್ಷದ ಆಟವೇ ನಿಂತುಹೋಯಿತು. ಆಮೇಲೆ ಒಂದು ತಂಡ ತನ್ನ ಆಟಗಾರರ ಸಂಬಳಕ್ಕೆ ಇಂತಿಷ್ಟೇ ವೆಚ್ಚಮಾಡಬೇಕೆಂಬ ಮಿತಿ ಬಂದಿತು. 2005-06ರಲ್ಲಿ ಆ ಮಿತಿ 3 ಕೋಟಿ 90 ಲಕ್ಷ ಡಾಲರು. 2025-26ರಲ್ಲಿ 9 ಕೋಟಿ 55 ಲಕ್ಷ. ಹಣವನ್ನು ಬೇಕಾದಷ್ಟು ಸುರಿಯಲಾಗದ ಮೇನೇಜರರು ಹಣದ ಬದಲು ಮಾತನ್ನು ಕೊಡತೊಡಗಿದರು. ‘ಇಷ್ಟು ಕಡಿಮೆಗೆ ಒಪ್ಪಿಕೊ, ನಿನ್ನನ್ನು ಕೇಳದೆ ಎಲ್ಲಿಗೂ ಕಳುಹಿಸುವುದಿಲ್ಲವೆಂದು ಬರೆದುಕೊಡುತ್ತೇವೆ.’ 2013ರ ಒಪ್ಪಂದದಂತೆ, ಇಪ್ಪತ್ತೇಳು ವರ್ಷ ವಯಸ್ಸು ಅಥವಾ ಲೀಗಿನಲ್ಲಿ ಏಳು ಸಾಲಿನ ಆಟ ಆಗಿದ್ದವರಿಗೆ ಮಾತ್ರ ಈ ಷರತ್ತು ಲಾಗೂ ಆಗುತ್ತಿತ್ತು.

ಷರತ್ತಿನಲ್ಲಿ ಬಗೆಗಳುಂಟು. ಪೂರ್ತಿ ತಡೆ ಒಂದು. ‘ಈ ಹತ್ತು ಊರಿಗೆ ಬೇಡ, ಉಳಿದಲ್ಲಿಗೆ ಆಗಬಹುದು’ ಎಂದು ವರ್ಷವರ್ಷವೂ ಪಟ್ಟಿ ಕೊಡುವುದು ಇನ್ನೊಂದು. ಏಜೆಂಟನ ಜಾಣತನ ಇರುವುದು ಈ ಪಟ್ಟಿಯಲ್ಲಿ. ಹೇಗೂ ತನ್ನವನನ್ನು ಕೇಳಲಾರದ, ಸಂಬಳದ ಮಿತಿಯಲ್ಲಿ ಜಾಗವಿಲ್ಲದ ತಂಡಗಳ ಹೆಸರನ್ನು ಬರೆದು ಪಟ್ಟಿ ತುಂಬಿಸಿದರೆ ತಡೆ ದಂಡ. ಯಾರು ನಿಜವಾಗಿ ಕೇಳಬಹುದೋ ಅವರ ಹೆಸರನ್ನು ಬರೆದರೆ ಹತ್ತು ಊರಿನ ತಡೆಯೇ ಮೂವತ್ತೊಂದು ಊರಿನ ತಡೆಯಾಗುತ್ತದೆ. ಹೀಗಾಗಿ ಒಳ್ಳೆಯ ಏಜೆಂಟನು ತನ್ನವನ ಆಟವನ್ನಷ್ಟೇ ಅಲ್ಲ, ಎಲ್ಲ ತಂಡಗಳ ಜಮಾಖರ್ಚನ್ನೂ ಬಲ್ಲವನಾಗಿರಬೇಕು.

ಪಟ್ಟಿಯೊಂದು ಎಷ್ಟು ಕೆಲಸ ಮಾಡೀತೆಂಬುದಕ್ಕೆ ಉದಾಹರಣೆ: 2022ರ ಮಾರ್ಚ್ 21ರಂದು ಲಾಸ್ ವೇಗಸ್ ತಂಡ ಎವ್ಗೆನಿ ದಾದೊನೊವ್ ಎಂಬ ರಷ್ಯದ ಆಟಗಾರನನ್ನು ಅನಹೈಮ್ ತಂಡಕ್ಕೆ ಕೊಟ್ಟಿತು. ಅನಹೈಮಿನ ಹೆಸರು ಆತನ ‘ಬೇಡ’ ಪಟ್ಟಿಯಲ್ಲಿತ್ತು. ಆತನ ಹಿಂದಿನ ತಂಡಕ್ಕೆ ಕೊಟ್ಟಿದ್ದ ಆ ಪಟ್ಟಿ ವೇಗಸ್ಸಿನವರ ಗಮನಕ್ಕೇ ಬಂದಿರಲಿಲ್ಲ. ಎರಡು ದಿನ ವಿಚಾರಣೆ ನಡೆಸಿ ಲೀಗು ಆ ವಿನಿಮಯವನ್ನೇ ರದ್ದುಮಾಡಿತು. 2009ರಲ್ಲಿ ಡ್ಯಾನಿ ಹೀಟ್ಲಿ ಎಂಬುವರು ಆಟವಾ ತಂಡವನ್ನು ಬಿಡಬೇಕೆಂದು ತಾವೇ ಕೇಳಿ, ತಂಡವು ಎಡ್ಮಂಟನ್ನಿನೊಡನೆ ವ್ಯವಹಾರ ಕುದುರಿಸಿದಾಗ ‘ಅಲ್ಲಿಗೆ ಮಾತ್ರ ಹೋಗೆನು’ ಎಂದು ಷರತ್ತನ್ನು ಹಿಡಿದು ನಿಂತರು. ಕೊನೆಗೆ ಸೆಪ್ಟೆಂಬರಿನಲ್ಲಿ ಸ್ಯಾನ್ ಹೋಸೆಗೆ ಹೋದರು. ಆಟವಾದ ಜನ ಇದನ್ನು ಇಂದಿಗೂ ಒಳ್ಳೆಯ ಮಾತಿನಿಂದ ನೆನೆಯುವುದಿಲ್ಲ. ನ್ಯಾಯವಾದ ಹಕ್ಕಾದರೂ ಉಪಯೋಗಿಸುವ ರೀತಿಯೊಂದು ಉಂಟಲ್ಲವೆ?

ಷರತ್ತಿಲ್ಲದ ಆಟಗಾರನಿಗೆ ಕ್ಯಾಲೆಂಡರೇ ಆಯುಧ. ನಮ್ಮ ಕ್ಯಾಲ್ಗರಿ ಹುಡುಗನ ಬೆನ್ನ ಮೇಲಿದ್ದ ಮ್ಯಾಥ್ಯೂ ಟ್ಕಾಚಕ್ 2021-22ರಲ್ಲಿ 42 ಗೋಲು ಹೊಡೆದವನು. ಇನ್ನೊಂದೇ ವರ್ಷದಲ್ಲಿ ಸ್ವತಂತ್ರನಾಗಿ ಎಲ್ಲಿಗೆ ಬೇಕಾದರೂ ಹೋಗಬಹುದಾಗಿತ್ತು. ದೀರ್ಘಕಾಲದ ಕರಾರಿಗೆ ಸಹಿ ಹಾಕುವುದಿಲ್ಲವೆಂದು ತಂಡಕ್ಕೆ ಮುಂಚಿತವಾಗಿಯೇ ತಿಳಿಸಲಾಯಿತು. ಸುಮ್ಮನಿದ್ದರೆ ಒಂದು ವರ್ಷದ ಮೇಲೆ ಏನೂ ದೊರೆಯದೆ ಅವನನ್ನು ಕಳೆದುಕೊಳ್ಳಬೇಕು. ಈಗಲೇ ಕೊಟ್ಟರೆ ಬೆಲೆ ಬರುತ್ತದೆ. ಆಗಿನ ನಿಯಮದಂತೆ ಎಂಟು ವರ್ಷದ ಕರಾರನ್ನು ಸ್ವಂತ ತಂಡ ಮಾತ್ರ ಕೊಡಬಹುದಿತ್ತು. ಬೇರೆಯವರು ಏಳಕ್ಕೆ ನಿಲ್ಲಬೇಕು. ಆದುದರಿಂದ ಕ್ಯಾಲ್ಗರಿಯವರೇ ಎಂಟು ವರ್ಷಕ್ಕೆ 7 ಕೋಟಿ 60 ಲಕ್ಷ ಡಾಲರಿನ ಕರಾರಿಗೆ ಸಹಿ ಮಾಡಿಸಿ, ಆ ಕರಾರಿನೊಡನೆಯೇ ಅವನನ್ನು ಫ್ಲಾರಿಡಾಕ್ಕೆ ಕೊಟ್ಟರು. ಬದಲಿಗೆ ಜೊನಥನ್ ಹ್ಯೂಬರ್ಡೋ, ಮೆಕೆನ್ಜಿ ವೀಗರ್ ಮುಂತಾದವರನ್ನು ಪಡೆದರು. ಹೋಗುವವನಿಗೂ ಲಾಭ, ಕರೆದುಕೊಳ್ಳುವವರಿಗೂ ಲಾಭ, ಕಳುಹಿಸುವವರಿಗೂ ಬರಿಗೈಯಲ್ಲ. ಫ್ಲಾರಿಡಾ ತಂಡ 2024ರಲ್ಲಿಯೂ 2025ರಲ್ಲಿಯೂ ಕಪ್ ಗೆದ್ದಿತು. ಹುಡುಗ ಮಾತ್ರ ಹಳೆಯ ಅಂಗಿಯನ್ನು ಬಿಟ್ಟಿಲ್ಲ.

ಒಂದು ಕುತ್ತಿಗೆಯ ಕಥೆ

ಇದುವರೆಗೆ ಹೇಳಿದುದು ಊರು ಮತ್ತು ಹಣದ ಮಾತಾಯಿತು. ಏಜೆಂಟನ ಬೆಲೆ ನಮಗೆ ನಿಜವಾಗಿ ಮನಗಾಣುವುದು ಜ್ಯಾಕ್ ಐಕಲ್ ಎಂಬ ಆಟಗಾರನ ಸಂಗತಿಯಲ್ಲಿ.

ಐಕಲ್ ಬಫೆಲೊ ತಂಡದ ನಾಯಕ. ಎಂಟು ವರ್ಷಕ್ಕೆ 8 ಕೋಟಿ ಡಾಲರಿನ ಕರಾರು. 2021ರ ಮಾರ್ಚಿನಲ್ಲಿ ಪಂದ್ಯವೊಂದರಲ್ಲಿ ಪೆಟ್ಟಾಗಿ ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಜಾರಿತು. ತಂಡದ ವೈದ್ಯರು ಎರಡು ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾಗಲಿ ಎಂದರು. ಐಕಲ್ ಬೇರೆ ವೈದ್ಯರನ್ನು ಕಂಡು ಬಂದು, ಕೃತಕ ಮೆತ್ತೆಯನ್ನು ಕೂಡಿಸುವ ಚಿಕಿತ್ಸೆಯೇ ಬೇಕೆಂದನು. ಬೆಸೆದರೆ ಕುತ್ತಿಗೆಯ ಆ ಭಾಗದ ಚಲನೆ ಹೋಗುತ್ತದೆ. ಮುಂದೆ ಮತ್ತೆ ಮತ್ತೆ ಕತ್ತರಿ ಹಾಕಬೇಕಾದೀತೆಂಬ ಭಯ. ಆದರೆ ಕೃತಕ ಮೆತ್ತೆ ಹಾಕಿಸಿಕೊಂಡು ಈ ಲೀಗಿನಲ್ಲಿ ಆಡಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ತಂಡ ಒಪ್ಪಲಿಲ್ಲ. ಒಪ್ಪಂದದ ಪ್ರಕಾರ ಚಿಕಿತ್ಸೆಯ ಕೊನೆಯ ಮಾತು ತಂಡದ್ದೇ.

ಓದುಗರು ಒಂದು ಕ್ಷಣ ಯೋಚಿಸಬೇಕು. ಕುತ್ತಿಗೆ ಯಾರದು? ಇಪ್ಪತ್ತನಾಲ್ಕರ ತರುಣನದು. ಅದಕ್ಕೆ ಯಾವ ಶಸ್ತ್ರಕ್ರಿಯೆಯಾಗಬೇಕೆಂದು ಹೇಳುವ ಅಧಿಕಾರ ಮಾತ್ರ ಧಣಿಯದು. ತಂಡದ ಕಡೆಗೂ ನ್ಯಾಯವಿಲ್ಲದಿಲ್ಲ; ಇನ್ನೂ ಐದು ವರ್ಷ ಸಂಬಳ ಕೊಡಬೇಕಾದವರು, ಯಾರೂ ನಡೆಯದ ದಾರಿಗೆ ಅಂಜಿದರು. ಆದರೆ ಆಟ ಮುಗಿದ ಮೇಲೂ ಐವತ್ತು ವರ್ಷ ಆ ಕುತ್ತಿಗೆಯನ್ನು ಹೊತ್ತು ತಿರುಗಬೇಕಾದವನು ತಂಡದ ಮಾಲೀಕನಲ್ಲ.

ತಿಂಗಳುಗಳು ಉರುಳಿದವು. ಜುಲೈ ಕೊನೆಗೆ ಐಕಲ್ಲನ ಏಜೆಂಟರು ಬಹಿರಂಗ ಹೇಳಿಕೆ ಕೊಟ್ಟು, ಚಿಕಿತ್ಸೆಗೆ ತಂಡವೇ ಅಡ್ಡಿಯೆಂದೂ ಅದಕ್ಕಾಗಿ ವಿನಿಮಯವಾಗಬೇಕೆಂದೂ ಸಾರಿದರು. ಆಗಸ್ಟಿನಲ್ಲಿ ಅವನು ಏಜೆಂಟರನ್ನು ಬದಲಿಸಿ ಪ್ಯಾಟ್ ಬ್ರಿಸನ್ ಎಂಬುವರನ್ನು ಹಿಡಿದನು. ಸೆಪ್ಟೆಂಬರಿನಲ್ಲಿ ತಂಡ ಅವನ ನಾಯಕತ್ವವನ್ನು ಕಿತ್ತುಕೊಂಡಿತು. ಮುಂದಿನ ಬೇಸಗೆಯಿಂದ ಅವನ ಕರಾರಿನ ತಡೆ ಷರತ್ತು ಜಾರಿಗೆ ಬರುವುದಿತ್ತು. ಅದಾದಮೇಲೆ ಎಲ್ಲಿಗೆ ಕಳುಹಿಸಬೇಕೆಂಬುದೂ ತಂಡದ ಕೈಯಲ್ಲಿ ಉಳಿಯುತ್ತಿರಲಿಲ್ಲ. ಒಂದು ಕಡೆ ಪತ್ರಿಕೆಗಳು, ಒಂದು ಕಡೆ ಕ್ಯಾಲೆಂಡರು. ಕೊನೆಗೆ 2021ರ ನವೆಂಬರ್ 4ರಂದು ಬಫೆಲೊ ತಂಡ ಅವನನ್ನು ಲಾಸ್ ವೇಗಸ್ಸಿಗೆ ಕೊಟ್ಟು, ಅಲೆಕ್ಸ್ ಟಕ್, ಪೇಟನ್ ಕ್ರೆಬ್ಸ್ ಎಂಬಿಬ್ಬರನ್ನೂ ಆಯ್ಕೆಯ ಸರದಿಗಳನ್ನೂ ತೆಗೆದುಕೊಂಡಿತು. ಹೊಸ ತಂಡ ಅವನು ಕೇಳಿದ ಚಿಕಿತ್ಸೆಗೆ ಒಪ್ಪಿತು. ಎಂಟೇ ದಿನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2022ರ ಫೆಬ್ರುವರಿ 16ರಂದು ಮತ್ತೆ ಮಂಜಿನ ಮೇಲೆ ಇಳಿದನು. 2023ರ ಜೂನಿನಲ್ಲಿ ವೇಗಸ್ ತಂಡ ಕಪ್ ಗೆದ್ದಾಗ, ಅಂತಿಮ ಸುತ್ತುಗಳಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವನು ಅವನೇ. ಆಮೇಲೆ ಅದೇ ಚಿಕಿತ್ಸೆಯನ್ನು ಬೇರೆ ಆಟಗಾರರೂ ಮಾಡಿಸಿಕೊಂಡರು.

ಬಫೆಲೊ ಊರಿರುವ ರಾಜ್ಯದಲ್ಲೇ ಬೆಳೆದು, ಚಿಕ್ಕಂದಿನಿಂದ ಆ ತಂಡದ ಅಭಿಮಾನಿಯಾಗಿದ್ದ ಟಕ್ ಅಲ್ಲಿ ಮನೆಗೆ ಬಂದವನಂತೆ ಆಡಿದನು. ಬೇರ್ಪಡಬೇಕಾದವರು ಬೇರ್ಪಟ್ಟರೆ ಎರಡು ಮನೆಗಳೂ ಉಳಿಯುತ್ತವೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ನಮಗೆ ತೋರಿದುದು

ಇಷ್ಟನ್ನು ಓದಿ, ಆಟಗಾರರೆಲ್ಲ ರಾಜರಾಗಿಬಿಟ್ಟರೆಂದು ತಿಳಿಯಬಾರದು. ಐಕಲ್, ಟ್ಕಾಚಕ್ ಇವರಿಗೆ ಏಜೆಂಟರು ಗಳಿಸಿಕೊಟ್ಟ ಮಾತಿನ ಬಲ ಅವರ ಆಟದಿಂದಲೇ ಬಂದುದು. ಇಂದು ಇದ್ದು ನಾಳೆ ಇಲ್ಲದ ಸಾಮಾನ್ಯ ಆಟಗಾರನಿಗೆ ತಡೆ ಷರತ್ತೂ ಇಲ್ಲ, ಪತ್ರಿಕೆಯವರೂ ಇಲ್ಲ. ಮಧ್ಯಾಹ್ನ ಟೆಲಿಫೋನು ಬಂದರೆ ರಾತ್ರಿಯ ವಿಮಾನಕ್ಕೆ ಹೊರಡಬೇಕು. ಹೆಂಡತಿ ಮಕ್ಕಳು ಆಮೇಲೆ. ಅವನ ಏಜೆಂಟ ಮಾಡಬಹುದಾದುದು, ಸುದ್ದಿಯನ್ನು ಸ್ವಲ್ಪ ಮುಂಚೆ ತಿಳಿಸಿ, ಹೋಗುವ ಊರಿನಲ್ಲಿ ಅವನಿಗೆ ಆಡಲು ಅವಕಾಶವಿದೆಯೇ ಎಂದು ವಿಚಾರಿಸುವುದಷ್ಟೆ. ದೊಡ್ಡ ಆಟಗಾರನೂ ಎಲ್ಲ ಸಲವೂ ಗೆಲ್ಲುವುದಿಲ್ಲ. ಕ್ವಿಬೆಕ್ಕಿಗೆ ಹೋಗೆನೆಂದು ಗೆದ್ದ ಲಿಂಡ್ರೋಸನೇ ಮುಂದೆ ಫಿಲಡೆಲ್ಫಿಯಾದೊಡನೆ ಕೆಡಿಸಿಕೊಂಡು, 2000-01ರ ಸಾಲನ್ನು ಪೂರ್ತಿ ಆಡದೆ ಮನೆಯಲ್ಲಿ ಕುಳಿತು ಕಳೆದನು.

ಅಭಿಮಾನಿಗಳ ದೂರನ್ನೂ ಕೇಳಬೇಕು. ವರ್ಷಗಟ್ಟಲೆ ಟಿಕೇಟು ಕೊಂಡು ಕೂಗಿ ಪ್ರೋತ್ಸಾಹಿಸಿದ ಊರನ್ನು, ಯಾರೋ ಒಬ್ಬ ಮಧ್ಯವರ್ತಿಯ ಮಾತಿನಿಂದ ಆಟಗಾರ ಬಿಟ್ಟುಹೋಗುತ್ತಾನೆಂದು ಅವರ ನೋವು. ಅದು ಸುಳ್ಳಲ್ಲ. ಆದರೆ ಊರೂ ತಂಡವೂ ಆಟಗಾರನನ್ನು ಬಿಟ್ಟ ಸಂದರ್ಭಗಳು ಅದಕ್ಕಿಂತ ಎಷ್ಟೋ ಹೆಚ್ಚು. ಲಿಂಡ್ಸೆಯವರು 1957ರಲ್ಲಿ ಹೊರಟಾಗ ಅವರ ಪರವಾಗಿ ಎದ್ದುನಿಲ್ಲುವ ಒಬ್ಬ ಏಜೆಂಟನೂ ಇರಲಿಲ್ಲ.

ಆ ಸಂಜೆ ಇದೆಲ್ಲವನ್ನೂ ಹುಡುಗನಿಂದ ಅಷ್ಟಿಷ್ಟು ಕೇಳಿದ ಬ್ಯಾಂಕಿನ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನ್ನ ಕೆಲಸದ ಕಾಗದ ನೀನು ಪೂರ್ತಿ ಓದಿ ಸಹಿ ಹಾಕಿದೆಯೋ?” ಎಂದು ಅವನನ್ನೇ ಕೇಳಿದರು. ಹುಡುಗ ನಕ್ಕನು, ಓದಿರಲಿಲ್ಲ. ಕೆಲಸಕ್ಕೆ ಸೇರಿಸಿದ ಮಧ್ಯವರ್ತಿ ಸಂಸ್ಥೆಗೆ ಹಣ ಕೊಟ್ಟವರು ಯಾರೆಂದು ಕೇಳಿದಾಗ, ಕಂಪನಿಯವರೇ ಎಂದನು. “ಹಾಗಾದರೆ ಅವನು ನಿನ್ನವನಲ್ಲ, ಅವರವನು” ಎಂದರು ಹಿರಿಯರು.

ನಮ್ಮ ಮನೆಗಳಿಂದ ಇಂದು ಮಕ್ಕಳು ದೂರದೂರಿಗೆ, ದೂರದೇಶಕ್ಕೆ ಹೊರಡುತ್ತಿದ್ದಾರೆ. ಅವರ ಮುಂದೆ ಬರುವ ಕಾಗದಗಳಲ್ಲಿಯೂ ಎಲ್ಲಿಗೆ ಬೇಕಾದರೂ ಕಳುಹಿಸಬಹುದೆಂಬ ಸಾಲು ಒಂದು ಮೂಲೆಯಲ್ಲಿ ಇರುತ್ತದೆ. ಅವರಿಗೆಲ್ಲ ಏಜೆಂಟರನ್ನು ಇಟ್ಟುಕೊಡಲು ನಮ್ಮಿಂದಾಗದು. ಸಹಿ ಹಾಕುವ ಮೊದಲು ಆ ಕಾಗದವನ್ನು ಮನೆಯಲ್ಲಿ ಒಬ್ಬರಾದರೂ ಜೊತೆಯಲ್ಲಿ ಕುಳಿತು ಓದಿದರೆ, ಅಷ್ಟರಮಟ್ಟಿಗೆ ಕಾಲೀನ್ ಹೌ ಮಾಡಿದ ಕೆಲಸವನ್ನು ನಾವೂ ಮಾಡಿದಂತಾಯಿತು. ರೈಲ್ವೆಯ ಹಿರಿಯರು ಕೋಲು ಹಿಡಿದು ಏಳುತ್ತ, “ನಮ್ಮ ಕಾಲಕ್ಕೆ ಅದೂ ಇರಲಿಲ್ಲ ನೋಡಿ” ಎಂದು ಹೇಳಿ, ಮಗಳ ಮನೆಗೆ ಹೋಗುವ ಬಸ್ಸಿನ ಹೊತ್ತಾಯಿತೆಂದು ಹೊರಟರು.